ಹೊರದೇಶದ ಸಂಗಾತಿಯೊಂದಿಗೆ ಮಲೆನಾಡಿಗೆ ಮರಳುವಾಗ: ಇ-ವೀಸಾ, ಎಕ್ಸ್ ವೀಸಾ, ಓಸಿಐ, ಪೌರತ್ವ – ಯಾವುದು ಯಾರಿಗೆ?

ಹೊರದೇಶದಲ್ಲಿ ಹತ್ತಾರು ವರ್ಷ ದುಡಿದು ಊರಿಗೆ ಮರಳುವವರು ಈಗ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಕಡಿಮೆಯೇನಿಲ್ಲ. ಅಪ್ಪ ಅಮ್ಮನಿಗೆ ವಯಸ್ಸಾಗಿರುತ್ತದೆ, ತೋಟಕ್ಕೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಸಿಗುವುದಿಲ್ಲ, ಮಕ್ಕಳನ್ನು ಕನ್ನಡದ ನಡುವೆ ಬೆಳೆಸಬೇಕೆಂಬ ಆಸೆಯೂ ಇರುತ್ತದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಟಿಕೆಟ್ ಮಾಡಿಸಿ ಬಂದುಬಿಡಬಹುದು. ಜೊತೆಗೆ ಬರುವ ಹೆಂಡತಿಯದೋ ಗಂಡನದೋ ಪಾಸ್‌ಪೋರ್ಟ್ ಬೇರೆ ದೇಶದ್ದಾದರೆ, ಅವರು ಇಲ್ಲಿ ಯಾವ ಕಾಗದದ ಬಲದ ಮೇಲೆ ಇರಬೇಕು ಎಂಬುದು ಮೊದಲು ಇತ್ಯರ್ಥವಾಗಬೇಕು.

ನನ್ನ ಹೆಂಡತಿ ಐರ್ಲೆಂಡ್‌ನವಳು. ನಾವು ಎಕ್ಸ್ ವೀಸಾದಲ್ಲಿ, ಅಂದರೆ ಭಾರತೀಯರ ಸಂಗಾತಿಗೂ ಕೊಡುವ ಎಂಟ್ರಿ ವೀಸಾದಲ್ಲಿ ಬಂದು, ಇಲ್ಲಿದ್ದುಕೊಂಡೇ ಓಸಿಐ (‘ಭಾರತದ ಸಾಗರೋತ್ತರ ಪ್ರಜೆ’ ಎಂಬ ಹೆಸರಿನ ಆಜೀವ ವೀಸಾ ಕಾರ್ಡು) ಮಾಡಿಸಿಕೊಂಡವರು. ಆಮೇಲೆ ನೆಂಟರು, ಪರಿಚಯದವರು ಕೇಳಿದಾಗಲೆಲ್ಲ ನಮ್ಮ ಕಡತ ಬಿಚ್ಚಿ ತೋರಿಸಿದ್ದೇನೆ. ಕೇಳುವವರು ಸಾಮಾನ್ಯವಾಗಿ ತಡವಾಗಿ ಕೇಳುತ್ತಾರೆ, ಸಾಮಾನು ಹಡಗಿಗೆ ಹಾಕಿದ ಮೇಲೆ. ಈ ವಿಷಯದಲ್ಲಿ ಹೊರಡುವ ಮೊದಲು ಮಾಡಿದ ಕೆಲಸಕ್ಕಿರುವ ಬೆಲೆ ಬಂದ ಮೇಲೆ ಮಾಡಿದ ಕೆಲಸಕ್ಕಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆ ನೋಂದಣಿಯಾಗಿ ಎರಡು ವರ್ಷ ದಾಟಿದ್ದರೆ, ಹೊರಡಲು ಇನ್ನೂ ಸಾಕಷ್ಟು ತಿಂಗಳಿದ್ದರೆ, ಅಲ್ಲಿಂದಲೇ ಓಸಿಐಗೆ ಅರ್ಜಿ ಹಾಕಿ, ಕಾರ್ಡು ಕೈಗೆ ಬಂದ ಮೇಲೆ ಹೊರಡಿ. ಎರಡು ವರ್ಷ ಆಗಿಲ್ಲವಾದರೆ, ಅಥವಾ ಅಪ್ಪನಿಗೆ ಹುಷಾರಿಲ್ಲವೆಂದು ಬೇಗ ಹೊರಡಬೇಕಾಗಿದ್ದರೆ, ಅಲ್ಲಿನ ಭಾರತೀಯ ದೂತಾವಾಸದಿಂದ ಎಕ್ಸ್ ವೀಸಾ ಪಡೆದು ಬನ್ನಿ. ಇ-ಪ್ರವಾಸಿ ವೀಸಾದಲ್ಲಿ ಮಾತ್ರ ಸಂಸಾರ ಸ್ಥಳಾಂತರಿಸಬೇಡಿ.

ಮರಳುತ್ತಿರುವವರು ಯಾವ ದೇಶದವರು?

ಇದು ವಿಚಿತ್ರವಾಗಿ ಕೇಳಿಸಬಹುದು, ಆದರೆ ಎಲ್ಲ ನಿಂತಿರುವುದು ಇದರ ಮೇಲೆಯೇ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ನೀವು ಅಮೆರಿಕದ್ದೋ ಆಸ್ಟ್ರೇಲಿಯಾದ್ದೋ ಪೌರತ್ವ ತೆಗೆದುಕೊಂಡ ದಿನವೇ ಕಾನೂನಿನ ಕಣ್ಣಿಗೆ ನೀವೂ ವಿದೇಶಿ. ತೀರ್ಥಹಳ್ಳಿಯಲ್ಲಿ ಹುಟ್ಟಿದ್ದೀರಿ, ರೇಷನ್ ಕಾರ್ಡಿನಲ್ಲಿ ಹೆಸರಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿ ಅದರ ಪ್ರಮಾಣಪತ್ರ ಪಡೆದು, ಮೊದಲು ನಿಮ್ಮ ಓಸಿಐ ಮಾಡಿಸಿಕೊಳ್ಳಬೇಕು. ಸಂಗಾತಿಯ ಓಸಿಐ ನಿಮ್ಮ ಓಸಿಐಯ ಆಧಾರದ ಮೇಲೆ ನಿಲ್ಲುತ್ತದೆ. ನೀವು ಈಗಲೂ ಭಾರತೀಯ ಪ್ರಜೆಯಾಗಿದ್ದರೆ ಒಂದು ಮೆಟ್ಟಿಲು ಕಡಿಮೆ.

ಸಂಗಾತಿ ನೇಪಾಳ ಅಥವಾ ಭೂತಾನಿನವರಾದರೆ ಅವರಿಗೆ ವೀಸಾದ ಪ್ರಶ್ನೆಯೇ ಇಲ್ಲ. ಸಂಗಾತಿಯೋ ಅವರ ತಂದೆತಾಯಿ, ಅಜ್ಜಅಜ್ಜಿ, ಮುತ್ತಜ್ಜನ ಪೈಕಿ ಯಾರಾದರೋ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ, ಈಗ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದ್ದರೂ ಓಸಿಐ ಬಾಗಿಲು ಮುಚ್ಚಿದೆ. ಅಂಥವರ ದಾರಿಯೇ ಬೇರೆ. ಈ ಬರಹವನ್ನು ನಂಬಿಕೊಂಡು ಹೊರಡದೆ ವಕೀಲರ ಸಲಹೆ ಪಡೆಯಿರಿ.

ಮದುವೆಯ ಪ್ರಮಾಣಪತ್ರ

ನಾಲ್ಕು ದಾರಿಗಳಲ್ಲಿ ಯಾವುದನ್ನು ಹಿಡಿದರೂ, ಪ್ರವಾಸಿ ವೀಸಾ ಒಂದನ್ನು ಬಿಟ್ಟು, ಅಡಿಪಾಯ ಇದೇ. ನಮ್ಮ ಕಡೆ ಕಾಗದ ಸಿಕ್ಕಿಬೀಳುವುದೂ ಹೆಚ್ಚಾಗಿ ಇಲ್ಲೇ.

ಹುಡುಗ ಹೊರದೇಶದಲ್ಲಿದ್ದಾನೆ, ಹುಡುಗಿ ಆ ದೇಶದವಳು, ಮನೆಯವರಿಗೆ ಊರಲ್ಲೇ ಮದುವೆಯಾಗಬೇಕೆಂಬ ಆಸೆ. ಎಲ್ಲರೂ ಬಂದು ದೇವಸ್ಥಾನದಲ್ಲೋ ಮನೆಯಂಗಳದಲ್ಲೋ ಧಾರೆ ಎರೆದು, ಊಟ ಹಾಕಿ, ರಜೆ ಮುಗಿಯಿತೆಂದು ವಾಪಸ್ ಹೋಗುತ್ತಾರೆ. ಆ ಮದುವೆ ಎಲ್ಲೂ ನೋಂದಣಿಯಾಗಿರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಲು ಇಬ್ಬರೂ ಹಿಂದೂಗಳಾಗಿರಬೇಕು. ಒಬ್ಬರು ಅಲ್ಲವಾದರೆ 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. ಅದರಲ್ಲಿ ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು. ನೋಟಿಸ್ ಪ್ರಕಟವಾಗಿ ಮತ್ತೆ 30 ದಿನ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳು. ವಿದೇಶಿ ವಧುವೋ ವರನೋ ಅವಿವಾಹಿತರೆಂದು ಅವರ ದೇಶದ ಕಡೆಯಿಂದ ಬರಹವೂ ಬೇಕಾಗುತ್ತದೆ. ಮೂರು ವಾರದ ರಜೆಯಲ್ಲಿ ಇದು ಆಗುವ ಮಾತಲ್ಲ. ಅರ್ಜಿ ಈಗ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಹಾಕಬಹುದು, ಆದರೆ ದಿನಗಳ ಲೆಕ್ಕ ಅದರಿಂದ ಕಡಿಮೆಯಾಗುವುದಿಲ್ಲ.

ಹೀಗಾಗಿ ಹೊರದೇಶದಲ್ಲಿರುವವರಿಗೆ ನಾನು ಹೇಳುವುದು ಇಷ್ಟು: ಅಲ್ಲಿನ ಕಾನೂನಿನ ಪ್ರಕಾರ ಅಲ್ಲಿಯೇ ಮೊದಲು ನೋಂದಣಿ ಮದುವೆಯಾಗಿ. ಊರಿನ ಧಾರೆ, ಊಟ, ಓಲಗ ಯಾವಾಗ ಬೇಕಾದರೂ ಆಗಲಿ. 1969ರ ವಿದೇಶ ವಿವಾಹ ಕಾಯ್ದೆಯಡಿ ಭಾರತೀಯ ದೂತಾವಾಸದಲ್ಲಿ ಮದುವೆಯಾಗಲೂ ಅವಕಾಶವಿದೆ, ಇಬ್ಬರಲ್ಲಿ ಒಬ್ಬರಾದರೂ ಭಾರತೀಯರಾಗಿದ್ದರೆ ಸಾಕು. ಅಲ್ಲಿನ ಪ್ರಮಾಣಪತ್ರ ಸಿಕ್ಕ ಕೂಡಲೇ ಅದಕ್ಕೆ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಬೇರೆ ದೇಶಗಳೂ ಒಪ್ಪುವ ಸರ್ಕಾರಿ ಮುದ್ರೆ, ಹಾಕಿಸಿಟ್ಟುಕೊಳ್ಳಿ. ಭಾರತ 2005ರಿಂದ ಅಪೊಸ್ಟಿಲ್‌ನ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ. ನೀವಿರುವ ದೇಶ ಅದರಲ್ಲಿ ಇಲ್ಲದಿದ್ದರೆ, ಆ ದೇಶದ ವಿದೇಶಾಂಗ ಇಲಾಖೆ ಮತ್ತು ನಮ್ಮ ದೂತಾವಾಸ ಎರಡರ ಮುದ್ರೆಯೂ ಬೇಕಾಗುತ್ತದೆ. ಊರಿಗೆ ಬಂದ ಮೇಲೆ ಈ ಮುದ್ರೆಗಾಗಿ ಅಂಚೆಯಲ್ಲಿ ಮೂಲ ಪ್ರತಿಯನ್ನು ಸಮುದ್ರದಾಚೆಗೆ ಕಳಿಸಿ ಕಾಯುವ ಸಂಕಟ ಯಾರಿಗೂ ಬೇಡ.

ಹೆಸರುಗಳ ಮೇಲೂ ಕಣ್ಣಿಡಿ. ನಮ್ಮವರ ಹೆಸರು ಒಂದು ಕಡೆ ಇನಿಷಿಯಲ್‌ನೊಂದಿಗೆ, ಇನ್ನೊಂದು ಕಡೆ ಅಪ್ಪನ ಹೆಸರಿನೊಂದಿಗೆ, ಮತ್ತೊಂದು ಕಡೆ ಭಟ್ಟ, ಗೌಡ, ಹೆಗಡೆ ಸೇರಿಕೊಂಡು ಇರುತ್ತದೆ. ಹಳೆಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಶಿಮೊಗ, 2014ರ ನವೆಂಬರ್ 1ರ ನಂತರದ ಕಾಗದಗಳಲ್ಲಿ ಶಿವಮೊಗ್ಗ. ಊರಿನ ಹೆಸರಿನ ವ್ಯತ್ಯಾಸ ಯಾರಿಗಾದರೂ ಅರ್ಥವಾಗುತ್ತದೆ. ಮದುವೆ ಪ್ರಮಾಣಪತ್ರದಲ್ಲಿನ ಹೆಸರು ಮತ್ತು ಪಾಸ್‌ಪೋರ್ಟಿನ ಹೆಸರು ಮಾತ್ರ ಅಕ್ಷರ ಅಕ್ಷರ ಹೊಂದಬೇಕು. ಹೊಂದದಿದ್ದರೆ ಹೊರಡುವ ಮೊದಲೇ ಸರಿಪಡಿಸಿಕೊಳ್ಳಿ.

ಇ-ಪ್ರವಾಸಿ ವೀಸಾ: ನೋಡಿ ಹೋಗಲು ಸಾಕು

ಸುಲಭ, ಮನೆಯಲ್ಲೇ ಕೂತು ಮಾಡಿಸಬಹುದು, 30 ದಿನದ್ದು, ಒಂದು ವರ್ಷದ್ದು, ಐದು ವರ್ಷದ್ದು ಸಿಗುತ್ತದೆ. ಐದು ವರ್ಷ ಎಂಬುದನ್ನು ನೋಡಿ ಜನ ಮೋಸಹೋಗುತ್ತಾರೆ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ವಿಸ್ತರಣೆ ಇಲ್ಲ, ಬೇರೆ ವೀಸಾಕ್ಕೆ ಪರಿವರ್ತನೆ ಇಲ್ಲ ಎಂದು ಅದರ ಷರತ್ತಿನಲ್ಲೇ ಬರೆದಿದೆ. ಸಂಗಾತಿಗೆ ಒಂದು ಮಳೆಗಾಲ ತೋರಿಸಬೇಕು, ಆಗುಂಬೆಯ ಕಡೆ ಒಂದು ತಿಂಗಳಿದ್ದು ಒಗ್ಗುತ್ತದೋ ಇಲ್ಲವೋ ನೋಡಬೇಕು ಎಂದರೆ ಇದು ಒಳ್ಳೆಯದೇ. ವಾಸಕ್ಕೆ ಬರುವವರಿಗಲ್ಲ.

ಎಕ್ಸ್ ವೀಸಾ: ಬೇಗ ಬರಬೇಕಾದವರಿಗೆ

ಕಡತದಲ್ಲಿ ಇದರ ಹೆಸರು ಎಂಟ್ರಿ ವೀಸಾ. ಭಾರತೀಯ ಪ್ರಜೆಯ ಅಥವಾ ಓಸಿಐ ಹೊಂದಿದವರ ಸಂಗಾತಿಗೆ ಕೊಡುವುದು ಇದರದೇ ಒಂದು ಬಗೆ. ಮದುವೆಗೆ ಎರಡು ವರ್ಷ ಆಗಿರಲೇಬೇಕೆಂಬ ಷರತ್ತು ಇದಕ್ಕಿಲ್ಲ. ಹೊಸದಾಗಿ ಮದುವೆಯಾದವರಿಗೆ ಇದೇ ದೊಡ್ಡ ಅನುಕೂಲ. ಐದು ವರ್ಷದವರೆಗೆ ಕೊಡುತ್ತಾರೆ, ಹೋಗಿ ಬಂದು ಮಾಡಬಹುದು, ಇಲ್ಲಿದ್ದುಕೊಂಡೇ ವಿಸ್ತರಿಸಿಕೊಳ್ಳಬಹುದು. ಓಸಿಐಗೆ ಹೋಲಿಸಿದರೆ ಬೇಗ ಕೈಗೆ ಬರುತ್ತದೆ.

ಅದರ ಬದಲಿಗೆ ಇಲ್ಲಿ ಬಂದ ಮೇಲಿನ ಕೆಲಸ ಜಾಸ್ತಿ. 180 ದಿನಕ್ಕಿಂತ ಹೆಚ್ಚಿನ ವಾಸಕ್ಕೆ ಬಂದವರು ಬಂದಿಳಿದ 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ವೀಸಾ ಚೀಟಿಯ ಮೇಲೆ ಈ ಷರತ್ತು ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿಕೊಳ್ಳಿ. ಮೊದಲು ಇದಕ್ಕೆಲ್ಲ ಕಚೇರಿಗೇ ಹೋಗಬೇಕಿತ್ತು. 2018ರಿಂದ ಎಫ್‌ಆರ್‌ಆರ್‌ಒದ (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ) ಇ-ಎಫ್‌ಆರ್‌ಆರ್‌ಒ ಜಾಲತಾಣ ಬಂದು, ಕರೆದರೆ ಮಾತ್ರ ಹೋದರಾಯಿತು ಎಂಬಂತಾಗಿದೆ. ಬೆಂಗಳೂರಿನ ಕಚೇರಿ ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲಿದೆ, ರೈಲಿನಲ್ಲಿ ಹೋಗಿ ಅದೇ ದಿನ ಕೆಲಸ ಮುಗಿಸಿ ಬರಬಹುದು. ಜಿಲ್ಲೆಯ ಮಟ್ಟದಲ್ಲಿ ಎಸ್‌ಪಿಯವರೇ ವಿದೇಶಿಯರ ನೋಂದಣಾಧಿಕಾರಿ. 2025ರ ಸೆಪ್ಟೆಂಬರ್ 1ರಿಂದ ಹಳೆಯ ನಾಲ್ಕು ಕಾನೂನುಗಳ ಜಾಗದಲ್ಲಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿದೆ. ಅರ್ಜಿ ನಮೂನೆಗಳ ಹೆಸರು ಬದಲಾಗಿರಬಹುದು, ನೋಂದಣಿಯ ಕರ್ತವ್ಯ ಹಾಗೆಯೇ ಇದೆ. ಜನ ಈಗಲೂ ಫಾರ್ಮ್-ಸಿ ಎಂದು ಕರೆಯುವ, ವಿದೇಶಿಯರು ಮನೆಗೆ ಬಂದು 24 ಗಂಟೆಯೊಳಗೆ ಮನೆಯ ಯಜಮಾನರ ಕಡೆಯಿಂದ ಆಗಬೇಕಾದ ಮಾಹಿತಿಯನ್ನೂ ತಪ್ಪಿಸಬೇಡಿ. ನೋಂದಣಿಯ ಹೊತ್ತಿನಲ್ಲಿ ವಿಳಾಸದ ದಾಖಲೆಯಾಗಿ ಅದನ್ನೇ ಕೇಳುತ್ತಾರೆ.

ವಿಳಾಸ ಎಂದೆ. ಪಟ್ಟಣದಲ್ಲಿ ಮನೆ ನಂಬರು, ಅಡ್ಡರಸ್ತೆ ಬರೆದರೆ ಮುಗಿಯಿತು. ನಮ್ಮದು ತೀರ್ಥಹಳ್ಳಿಯ ಕಡೆಯ ಒಂಟಿ ಮನೆ. ಮನೆಗೊಂದು ಹೆಸರಿದೆ, ನಂಬರಿಲ್ಲ. ಮೆಸ್ಕಾಂ ಬಿಲ್ಲು ಇನ್ನೂ ಅಜ್ಜನ ಹೆಸರಿನಲ್ಲಿ ಬರುತ್ತಿತ್ತು, ಅಜ್ಜ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಪಹಣಿಯಲ್ಲಿ ಅಪ್ಪ ಮತ್ತು ಚಿಕ್ಕಪ್ಪಂದಿರ ಹೆಸರು ಒಟ್ಟಿಗೆ. ಜಾಲತಾಣ ಕೇಳುವುದು, ಯಾರ ಮನೆಯಲ್ಲಿ ಇದ್ದೀರಿ ಮತ್ತು ಆ ಮನೆ ಅವರದೇ ಎಂಬುದಕ್ಕೆ ದಾಖಲೆ ಏನು ಎಂದು. ಮಗ ಸೊಸೆ ಬರುತ್ತಾರೆಂದರೆ ಊರಿನಲ್ಲಿರುವವರು ಮಾಡಬಹುದಾದ ಅತಿ ಉಪಯುಕ್ತ ಕೆಲಸವೆಂದರೆ, ಅವರು ಬರುವ ಮೊದಲೇ ವಿದ್ಯುತ್ ಸಂಪರ್ಕವನ್ನು ಬದುಕಿರುವವರ ಹೆಸರಿಗೆ ಬದಲಾಯಿಸಿಡುವುದು. ಗ್ರಾಮ ಪಂಚಾಯಿತಿಯ ಮನೆ ಕಂದಾಯದ ರಸೀದಿಯೂ ಅಪ್ಪನ ಹೆಸರಿನಲ್ಲಿ ಸಿದ್ಧವಿರಲಿ. ಕಾಗದಗಳನ್ನು ಅಲ್ಲಿಂದಲೇ ಸ್ಕ್ಯಾನ್ ಮಾಡಿ ಇಟ್ಟುಕೊಂಡು ಬನ್ನಿ. ಆಷಾಢದಲ್ಲಿ ಕರೆಂಟು ಹೋಗಿ, ನೆಟ್‌ವರ್ಕ್ ಗುಡ್ಡದ ತಲೆಯ ಮೇಲೆ ಮಾತ್ರ ಸಿಗುವಾಗ 14 ದಿನ ಬಹಳ ಬೇಗ ಕಳೆಯುತ್ತದೆ. ಸಾಧ್ಯವಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಟ್ಟು ಬನ್ನಿ, ಇಲ್ಲವೇ ಮೊದಲ ಎರಡು ವಾರ ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿದ್ದು ನೋಂದಣಿ ಮುಗಿಸಿ. ಹಾಗೆ ಮಾಡಿದರೆ ಆಮೇಲೆ ವಿಳಾಸ ಬದಲಾವಣೆಯನ್ನು ತಿಳಿಸುವುದು ಮರೆಯಬಾರದು.

ಆಮೇಲೆ ಪೊಲೀಸ್ ಪರಿಶೀಲನೆ. ನಮ್ಮಲ್ಲಿಗೆ ಠಾಣೆಯಿಂದ ಒಬ್ಬರು ಜಡಿಮಳೆಯಲ್ಲೇ ಬೈಕಿನಲ್ಲಿ ಬಂದರು. ಗದ್ದೆಯಂಚಿನಲ್ಲಿ ಬೈಕು ನಿಲ್ಲಿಸಿ ಸಂಕದ ಮೇಲೆ ನಡೆದುಕೊಂಡು ಬರಬೇಕು ನಮ್ಮ ಮನೆಗೆ. ಅಮ್ಮ ಒಲೆಯ ಮುಂದೆ ಕೂರಿಸಿ ಬಿಸಿ ಕಷಾಯ ಕೊಟ್ಟಳು. ಅವರು ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದು ಒಂದೊಂದೇ ಕೇಳಿದರು: ಮದುವೆ ಎಲ್ಲಾಯಿತು, ಫೋಟೊ ಇದೆಯೇ, ಇಬ್ಬರೂ ಇಲ್ಲೇ ಇರುವುದೋ, ಇವರು ಏನು ಕೆಲಸ ಮಾಡುತ್ತಾರೆ. ಹಿಂಬದಿ ಮನೆಯವರ ಹತ್ತಿರವೂ ವಿಚಾರಿಸಿ ಇಬ್ಬರ ಸಹಿ ತೆಗೆದುಕೊಂಡರು. ಹೆಂಡತಿಗೆ ಆಗ ಬರುತ್ತಿದ್ದುದು ‘ಕೂತ್ಕೊಳಿ’, ‘ಊಟ ಆಯ್ತಾ’ ಎರಡೇ ಮಾತು, ಎರಡನ್ನೂ ಆಡಿದಳು. ಬಂದವರು ಮರ್ಯಾದೆಯಿಂದ ನಡೆದುಕೊಂಡರು. ಹೆದರಬೇಕಾದ್ದು ಏನೂ ಇಲ್ಲ. ಅಕ್ಕಪಕ್ಕದವರಿಗೆ ಮೊದಲೇ ವಿಷಯ ತಿಳಿಸಿಟ್ಟಿರಿ. ಪೊಲೀಸರು ಏಕಾಏಕಿ ಬಂದು ಕೇಳಿದರೆ ಹಳ್ಳಿಯಲ್ಲಿ ಜನ ಗಾಬರಿಯಾಗಿ, ‘ನಮಗೆ ಗೊತ್ತಿಲ್ಲ’ ಎಂದುಬಿಡುತ್ತಾರೆ.

ಎಕ್ಸ್ ವೀಸಾದ ನಿಜವಾದ ಕೊರತೆ ದುಡಿಮೆಯದು. ಸಂಬಳದ ಕೆಲಸ ಮಾಡುವ ಹಕ್ಕು ಇದರಿಂದ ತಾನಾಗಿ ಬರುವುದಿಲ್ಲ. ಕೆಲಸ ಬೇಕೆಂದರೆ ಉದ್ಯೋಗ ವೀಸಾಕ್ಕೆ ಬದಲಾಯಿಸಿಕೊಳ್ಳಲು ಅನುಮತಿ ಕೇಳಬೇಕು, ಉದ್ಯೋಗ ವೀಸಾಕ್ಕೆ ಕನಿಷ್ಠ ಸಂಬಳದ ಮಿತಿಯೂ ಇದೆ. ಶಿವಮೊಗ್ಗದ ಶಾಲೆಯೋ ನರ್ಸಿಂಗ್ ಹೋಮೋ ಕೊಡುವ ಸಂಬಳ ಆ ಮಿತಿಗೆ ಎಟುಕುವುದು ಕಷ್ಟ. ಹಳೆಯ ವಿದೇಶಿ ಕಂಪನಿಯ ಕೆಲಸವನ್ನೇ ಮನೆಯಿಂದ ಮುಂದುವರಿಸುವ ಯೋಚನೆ ಇದ್ದರೆ, ಸುಮ್ಮನೆ ಶುರು ಮಾಡದೆ ಎಫ್‌ಆರ್‌ಆರ್‌ಒಗೆ ಬರಹದಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಈ ನಿರ್ಬಂಧವನ್ನು ಮನೆಯವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ‘ದುಡಿಯದಿದ್ದರೇನು, ಮನೆ ತೋಟ ಇದೆಯಲ್ಲ’ ಎನ್ನುತ್ತಾರೆ. ಹತ್ತು ವರ್ಷ ಸ್ವಂತ ಸಂಬಳದಲ್ಲಿ ಬದುಕಿದವಳನ್ನು, ಭಾಷೆ ಬಾರದ ಊರಿನಲ್ಲಿ, ಗಂಡನ ಕೈ ನೋಡಿಕೊಂಡು ಇರು ಎನ್ನುವುದು ಸಣ್ಣ ವಿಷಯವಲ್ಲ. ಅದಕ್ಕೇ ನಾನು ಓಸಿಐ ಪರ.

ಓಸಿಐ: ನೆಲೆ ನಿಲ್ಲುವವರಿಗೆ

1955ರ ಪೌರತ್ವ ಕಾಯ್ದೆಯ 7ಎ ಸೆಕ್ಷನ್‌ನಲ್ಲಿ ಸಂಗಾತಿಯ ಓಸಿಐ ಬರುತ್ತದೆ. ಮದುವೆ ನೋಂದಣಿಯಾಗಿರಬೇಕು, ಅರ್ಜಿಯ ಹಿಂದಿನ ಎರಡು ವರ್ಷ ಸತತವಾಗಿ ದಾಂಪತ್ಯ ನಡೆದಿರಬೇಕು. ಎರಡು ವರ್ಷವನ್ನು ಧಾರೆಯ ದಿನದಿಂದ ಎಣಿಸದೆ ನೋಂದಣಿಯ ದಿನದಿಂದ ಎಣಿಸಿಕೊಂಡರೆ ತಕರಾರಿಗೆ ಎಡೆಯಿರುವುದಿಲ್ಲ. ಮದುವೆಯಾಗಿ ಆರು ವರ್ಷವಾಗಿದೆ, ನೋಂದಣಿಯಾಗಿ ನಾಲ್ಕು ತಿಂಗಳು ಎನ್ನುವವರು ಎಕ್ಸ್ ವೀಸಾದಲ್ಲಿ ಬಂದು ಕಾಯುವುದು ವಾಸಿ.

ಹೊರದೇಶದಲ್ಲಿ ಅರ್ಜಿ ಹಾಕಿದರೆ ಶುಲ್ಕ 275 ಅಮೆರಿಕನ್ ಡಾಲರ್, ಭಾರತದಲ್ಲಿ 15,000 ರೂಪಾಯಿ. ದುಡ್ಡಿನ ಲೆಕ್ಕ ನೋಡಿದರೆ ಇಲ್ಲಿ ಅಗ್ಗ. ಆದರೆ ಇಲ್ಲಿ ಹಾಕಬೇಕೆಂದರೆ ಮೊದಲು ದೀರ್ಘಾವಧಿ ವೀಸಾದಲ್ಲಿ ಬಂದು ನೆಲೆಸಿರಬೇಕು. ಅಂದರೆ ಎಕ್ಸ್ ವೀಸಾದ ಖರ್ಚು, ನೋಂದಣಿ, ಪೊಲೀಸ್ ಪರಿಶೀಲನೆ ಎಲ್ಲ ಮುಗಿಸಿ, ಮತ್ತೆ ಓಸಿಐಗಾಗಿ ಇನ್ನೊಂದು ಸುತ್ತು. ಅಲ್ಲಿಂದಲೇ ಹಾಕಿದವರಿಗೆ ಒಂದೇ ಸುತ್ತು. ವ್ಯತ್ಯಾಸದ ಹಣಕ್ಕಿಂತ ಉಳಿಯುವ ನೆಮ್ಮದಿ ದೊಡ್ಡದು.

ಒಂದು ಎಚ್ಚರ: ಸಂಗಾತಿಯ ಓಸಿಐಗೆ ಭದ್ರತಾ ತಪಾಸಣೆ ಕಾನೂನಿನಲ್ಲೇ ಕಡ್ಡಾಯ. ಭಾರತೀಯ ಮೂಲದವರ ಓಸಿಐ ಬೇಗ ಬಂತೆಂದು ಸಂಗಾತಿಯದ್ದೂ ಹಾಗೆಯೇ ಬರುತ್ತದೆ ಎಂದುಕೊಳ್ಳಬೇಡಿ, ತಿಂಗಳುಗಟ್ಟಲೆ ಹಿಡಿಯಬಹುದು. ಅರ್ಜಿ ಹಾಕಿದ ಕಡೆಗೇ ಕಾರ್ಡು ಬರುವುದರಿಂದ, ನಡುವೆ ಅಲ್ಲಿನ ಮನೆ ಖಾಲಿ ಮಾಡಿ ಹೊರಟುಬಿಟ್ಟರೆ ಫಜೀತಿ. ಹೊರಡುವ ದಿನ ಹತ್ತಿರವಾಗಿಬಿಟ್ಟಿದ್ದರೆ ಅಲ್ಲಿ ಓಸಿಐ ಶುರುಮಾಡಬೇಡಿ, ಎಕ್ಸ್ ವೀಸಾ ತೆಗೆದುಕೊಂಡು ಬನ್ನಿ.

ಜೊತೆಯಾಗಿ ಬಾಳುತ್ತಿರುವುದಕ್ಕೆ ಪುರಾವೆ ಕೇಳುತ್ತಾರೆ. ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ವಿಮೆ, ಬೇರೆ ಬೇರೆ ಕಾಲದ ಫೋಟೊಗಳು. ಇವನ್ನೆಲ್ಲ ಅಲ್ಲಿನ ಸಂಸಾರ ಮುಗಿಸುವ ಭರದಲ್ಲಿ ಎಸೆದುಬಿಡುವವರಿದ್ದಾರೆ. ಬ್ಯಾಂಕ್ ಖಾತೆ ಮುಚ್ಚುವ ಮೊದಲು ಎರಡು ಮೂರು ವರ್ಷದ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಸಂದರ್ಶನಕ್ಕೆ ಕರೆದರೆ ಇಬ್ಬರೂ ಹೋಗಿ. ನಮ್ಮನ್ನು ಕೇಳಿದ್ದು ಎಲ್ಲಿ ಪರಿಚಯವಾದಿರಿ, ಅತ್ತೆಮಾವ ಏನು ಮಾಡುತ್ತಾರೆ, ಮುಂದೆ ಎಲ್ಲಿರುತ್ತೀರಿ ಎಂಬಂಥವನ್ನೇ.

ಕಾರ್ಡು ಬಂದ ಮೇಲೆ ಸಿಗುವುದೇನು? ಆಜೀವ, ಎಷ್ಟು ಸಲ ಬೇಕಾದರೂ ಬರಬಹುದಾದ ವೀಸಾ. ಎಷ್ಟು ಕಾಲವಿದ್ದರೂ ಎಫ್‌ಆರ್‌ಆರ್‌ಒ ನೋಂದಣಿಯ ಅಗತ್ಯವಿಲ್ಲ, ಇಲ್ಲಿ ಖಾಯಂ ನೆಲೆಸಿದವರು ವಿಳಾಸವೋ ಉದ್ಯೋಗವೋ ಬದಲಾದಾಗ ಇಮೇಲ್‌ನಲ್ಲಿ ತಿಳಿಸಿದರಾಯಿತು. ಖಾಸಗಿ ಕೆಲಸಕ್ಕೆ ಅಡ್ಡಿಯಿಲ್ಲ. ದೇಶದೊಳಗಿನ ವಿಮಾನ ದರ, ರಾಷ್ಟ್ರೀಯ ಉದ್ಯಾನ, ವನ್ಯಧಾಮ, ಸ್ಮಾರಕಗಳ ಪ್ರವೇಶ ಶುಲ್ಕದಲ್ಲಿ ಭಾರತೀಯರಿಗಿರುವುದೇ ಇವರಿಗೂ. ಸಿಗದಿರುವುದು ಮತದಾನ ಮತ್ತು ಸರ್ಕಾರಿ ನೌಕರಿ. ಸಂಶೋಧನೆ, ಪತ್ರಿಕೋದ್ಯಮ, ಧರ್ಮಪ್ರಚಾರ, ಪರ್ವತಾರೋಹಣಕ್ಕೆ 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ವಿಶೇಷ ಅನುಮತಿ ಬೇಕು. ಪಶ್ಚಿಮಘಟ್ಟದ ಕಪ್ಪೆ, ಆರ್ಕಿಡ್, ಮಳೆಕಾಡು ಎಂದು ಸಂಶೋಧನೆಗೆ ಬರುವ ಜೀವಶಾಸ್ತ್ರಜ್ಞರು ನಮ್ಮ ಸೊಸೆಯಂದಿರಾಗಿ, ಅಳಿಯಂದಿರಾಗಿ ಬಂದರೆ, ಓಸಿಐ ಇದೆಯೆಂದು ನೇರ ಕಾಡಿಗೆ ಹೋಗುವಂತಿಲ್ಲ.

ಮದುವೆ ಮುರಿದರೆ ಸಂಗಾತಿಯ ನೆಲೆಯಲ್ಲಿ ಸಿಕ್ಕ ಓಸಿಐ ರದ್ದಾಗಬಹುದು. ಈ ಮಾತನ್ನು ಯಾರೂ ಮದುವೆಯ ಹೊಸದರಲ್ಲಿ ಆಡುವುದಿಲ್ಲ, ಆದರೆ ಕಾರ್ಡಿನ ಬಲದ ಮೇಲೆ ಇಲ್ಲಿ ಕೆಲಸ, ಗೆಳೆತನ, ಬದುಕು ಕಟ್ಟಿಕೊಳ್ಳುವವರಿಗೆ ಇದು ಗೊತ್ತಿರಲೇಬೇಕು. ಪಾಸ್‌ಪೋರ್ಟ್ ಹೊಸದು ಮಾಡಿಸಿದಾಗೆಲ್ಲ ಮೂರು ತಿಂಗಳೊಳಗೆ ಅದರ ಪ್ರತಿ, ಫೋಟೊ, ದಾಂಪತ್ಯ ಮುಂದುವರಿದಿದೆ ಎಂಬ ಘೋಷಣೆ, ನಿಮ್ಮ ಪಾಸ್‌ಪೋರ್ಟಿನ ಪ್ರತಿ ಇವನ್ನು ಜಾಲತಾಣಕ್ಕೆ ಏರಿಸಬೇಕು.

ತೋಟ ಯಾರ ಹೆಸರಿಗೆ?

ಬೆಂಗಳೂರಿನವರು ಈ ಭಾಗವನ್ನು ಬಿಟ್ಟು ಓದಬಹುದು. ನಮ್ಮಲ್ಲಿ ಬದುಕು ನಿಂತಿರುವುದೇ ಅಡಿಕೆ, ಕಾಫಿ, ಏಲಕ್ಕಿ, ಗದ್ದೆಯ ಮೇಲೆ. ಓಸಿಐ ಇದ್ದವರು ಮನೆ, ನಿವೇಶನ, ಶಿವಮೊಗ್ಗದಲ್ಲಿ ಫ್ಲ್ಯಾಟ್ ಕೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಮಾತ್ರ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆ ಸಡಿಲವಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದಾಯಿತಲ್ಲ, ಅದನ್ನು ಕೇಳಿ ಕೆಲವರು ಸೊಸೆಯ ಹೆಸರಿಗೂ ತೋಟ ಮಾಡಿಸಬಹುದೆಂದುಕೊಂಡಿದ್ದಾರೆ. ವಿದೇಶಿಯರ ಮೇಲಿನ ಈ ನಿರ್ಬಂಧ ಬೇರೆ ಕಾನೂನಿನದು, ಆ ಸಡಿಲಿಕೆ ಇಲ್ಲಿಗೆ ಅನ್ವಯಿಸುವುದಿಲ್ಲ. ಮಾವ ಪ್ರೀತಿಯಿಂದ ದಾನಪತ್ರ ಬರೆದುಕೊಟ್ಟರೂ ಕೃಷಿ ಭೂಮಿಯಾದರೆ ತೊಡಕೇ. ವಾರಸಿನಿಂದ ಬರುವ ಆಸ್ತಿಗೆ ಮಾತ್ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮದಲ್ಲಿ ಅವಕಾಶವಿದೆ, ಅದು ತೋಟವಾದರೂ ಸರಿ.

ಮರಳಿ ಬಂದ ಮಗನೇ ವಿದೇಶಿ ಪೌರನಾಗಿದ್ದರೆ ಇದು ಇನ್ನೂ ಬಿಗಿ. ಅಪ್ಪನಿಂದ ಪಾಲು ಬರಬಹುದು, ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂತೆಂದು ಕೊಳ್ಳಲು ಆಗದು. ಕೃಷಿ ಮಾಡಲೆಂದೇ ಮರಳುವ ಮನಸ್ಸಿದ್ದರೆ, ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ಆ ದೇಶದ ಪೌರತ್ವದ ಅರ್ಜಿಗೆ ಸಹಿ ಹಾಕುವ ಮೊದಲು ಈ ಒಂದು ಕಾರಣಕ್ಕಾದರೂ ಕೂತು ಯೋಚಿಸಬೇಕು. ಮನೆಯಲ್ಲಿ ಒಬ್ಬರಾದರೂ ಭಾರತೀಯರಾಗಿ ಉಳಿಯುವುದು ಜಮೀನಿನ ದೃಷ್ಟಿಯಿಂದ ಒಳ್ಳೆಯದು.

ಮಕ್ಕಳ ವಿಷಯ ಚಿಕ್ಕದಾಗಿ: ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬೇಕೆಂದರೆ, ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದು, ಒಂದು ವರ್ಷದೊಳಗೆ ದೂತಾವಾಸದಲ್ಲಿ ಜನನ ನೋಂದಾಯಿಸಿ, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಹೇಳಬೇಕು. ಈಗಾಗಲೇ ಬೇರೆ ಪಾಸ್‌ಪೋರ್ಟ್ ಇದ್ದರೆ ಮಗುವಿಗೂ ಓಸಿಐ. ಮಕ್ಕಳಿಗೆ ಎರಡು ವರ್ಷದ ಷರತ್ತಿಲ್ಲ, ಆದ್ದರಿಂದ ಅಮ್ಮನಿಗಿಂತ ಮೊದಲೇ ಮಗುವಿನ ಕಾರ್ಡು ಬಂದುಬಿಡುತ್ತದೆ.

ಪೌರತ್ವ: ಅವಸರ ಬೇಡ

ಎರಡು ದಾರಿಗಳಿವೆ. ಭಾರತೀಯ ಪ್ರಜೆಯನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ವಾಸವಾಗಿದ್ದವರು ನೋಂದಣಿಯ ಮೂಲಕ ಪೌರತ್ವ ಕೇಳಬಹುದು. ಏಳು ವರ್ಷದ ಲೆಕ್ಕ ಹೀಗೆ: ಅರ್ಜಿಯ ಹಿಂದಿನ 12 ತಿಂಗಳು ಪೂರ್ತಿ, ಅದಕ್ಕೂ ಹಿಂದಿನ ಎಂಟು ವರ್ಷದಲ್ಲಿ ಕನಿಷ್ಠ ಆರು ವರ್ಷ. ಇನ್ನೊಂದು ದಾರಿ, ಓಸಿಐ ಪಡೆದು ಐದು ವರ್ಷವಾಗಿ, ಅರ್ಜಿಯ ಹಿಂದಿನ 12 ತಿಂಗಳು ಇಲ್ಲಿ ವಾಸವಿದ್ದವರದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಆಗಾಗ ತವರಿಗೆ ಹೋಗಿ ಬರುವವರಿಗೆ ಓಸಿಐ ಮೂಲಕದ ದಾರಿಯೇ ಅನುಕೂಲ, ಇಲ್ಲಿ ವರ್ಷಗಳ ಕಾಲ ಕದಲದೆ ಇರಬೇಕೆಂಬ ಒತ್ತಡ ಕಡಿಮೆ. ಅರ್ಜಿ ಜಾಲತಾಣದಲ್ಲಿ ಹಾಕಿದರೂ ಪರಿಶೀಲನೆ ಜಿಲ್ಲಾಧಿಕಾರಿ ಕಚೇರಿಯಿಂದ ಶುರುವಾಗಿ ರಾಜ್ಯ ಸರ್ಕಾರ, ಕೇಂದ್ರ ಗೃಹ ಇಲಾಖೆಯವರೆಗೆ ಹೋಗುತ್ತದೆ.

ಪೌರತ್ವ ಸಿಕ್ಕರೆ ಮತ, ತೋಟ, ಸರ್ಕಾರಿ ಕೆಲಸ ಎಲ್ಲಕ್ಕೂ ಹಕ್ಕು. ಬದಲಿಗೆ ಹುಟ್ಟಿದ ದೇಶದ ಪೌರತ್ವವನ್ನು ಬಿಟ್ಟುಕೊಡಬೇಕು. ವಯಸ್ಸಾದ ತಾಯಿ ಅಲ್ಲಿ ಕಾಯಿಲೆ ಬಿದ್ದರೆ ಮಗಳು ತನ್ನ ತವರಿಗೇ ವೀಸಾ ಕೇಳಿಕೊಂಡು ಹೋಗಬೇಕು. ಅತ್ತೆಮನೆಯವರು, ಗಂಡ, ಯಾರೇ ಆಗಲಿ, ಈ ತೀರ್ಮಾನಕ್ಕೆ ಒತ್ತಾಯ ಮಾಡಬಾರದು. ನಮ್ಮ ಮನೆಯಲ್ಲಿ ಹೆಂಡತಿ ಓಸಿಐಯಲ್ಲೇ ಇದ್ದಾಳೆ, ತವರಿಗೆ ಯಾವಾಗ ಬೇಕಾದರೂ ಹೋಗಿ ಬರುತ್ತಾಳೆ. ತೋಟ ನನ್ನ ಮತ್ತು ಅಪ್ಪನ ಹೆಸರಿನಲ್ಲಿದೆ. ಅಪ್ಪ ಬರೆದ ಉಯಿಲಿನಲ್ಲಿ ಸೊಸೆಯ ಹೆಸರಿದೆ, ಅದನ್ನು ಬರೆಸುವಾಗ ವಿದೇಶಿ ವಿನಿಮಯದ ನಿಯಮ ಬಲ್ಲ ವಕೀಲರನ್ನೇ ಹುಡುಕಿದೆವು. ನೀವೂ ಹಾಗೆಯೇ ಮಾಡಿ, ಊರಿನ ದಸ್ತಾವೇಜು ಬರಹಗಾರರಿಗೆ ಇದನ್ನು ಬಿಡಬೇಡಿ.